ಡೊಮೇನ್ ಯಾರ ಖಾತೆಯಲ್ಲಿದೆ ಅಂತ ಮೊದಲು ನೋಡಿ

ಸಂಪಾದಕರಿಗೆ ನಮಸ್ಕಾರ.

ಸಣ್ಣ ವ್ಯಾಪಾರಿಗಳು, ಹೋಮ್‌ಸ್ಟೇ ನಡೆಸುವವರು, ಖಾಸಗಿ ಶಾಲೆಯವರು ಎಲ್ಲರೂ ಸ್ವಂತ ವೆಬ್‌ಸೈಟ್ ಮಾಡಿಕೊಳ್ಳಬೇಕು ಎಂದು ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಮಾತು ಸರಿಯಾಗಿಯೇ ಇದೆ. ಇನ್‌ಸ್ಟಾಗ್ರಾಂ ಪುಟ ಒಂದನ್ನೇ ನಂಬಿ ಕೂತರೆ ಅದು ಬ್ಲಾಕ್ ಆದ ದಿನ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ಆದರೆ ಡೊಮೇನ್ (ಸೈಟಿನ ವಿಳಾಸದ ಹೆಸರು) ಮತ್ತು ಹೋಸ್ಟಿಂಗ್ (ಸೈಟ್ ಇಡಲು ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಬಾಡಿಗೆ ಜಾಗ) ವಿಷಯವನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ಒಳ್ಳೆಯ ಕಂಪನಿ ನೋಡಿ ಕಡಿಮೆ ಬೆಲೆಗೆ ತೆಗೆದುಕೊಳ್ಳಿ, ಅಷ್ಟೇ. ಒಳ್ಳೆಯದನ್ನು ಹುಡುಕುವುದು ಹೇಗೆ, ಕಡಿಮೆ ಬೆಲೆ ಎಷ್ಟು ದಿನ ಕಡಿಮೆ ಇರುತ್ತದೆ, ತೆಗೆದುಕೊಂಡದ್ದು ಯಾರ ಹೆಸರಿಗೆ ಹೋಗುತ್ತದೆ, ಇದ್ಯಾವುದೂ ಅಲ್ಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಯಿತು, ಕತ್ತರಿಸುವುದಾದರೆ ದಯವಿಟ್ಟು ಕೊನೆಯಿಂದ ಕತ್ತರಿಸಿ.

ನಾನು ದಾವಣಗೆರೆ ಸುತ್ತಮುತ್ತ ಅಂಗಡಿ, ಶಾಲೆ, ಸಹಕಾರ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವವನು. ನನಗೆ ಬರುವ ಫೋನುಗಳಲ್ಲಿ ಹೊಸ ಸೈಟ್ ಬೇಕು ಅನ್ನುವವು ಕಡಿಮೆ, "ನಮ್ಮ ಸೈಟ್ ಕಾಣ್ತಾ ಇಲ್ಲ, ಏನಾಯ್ತು ನೋಡಿ ಸಾರ್" ಅನ್ನುವವೇ ಜಾಸ್ತಿ. ನೋಡಿದರೆ ಹತ್ತರಲ್ಲಿ ಎಂಟು ಸಲ ಕಾರಣ ಕೆಟ್ಟ ಸರ್ವರ್ ಆಗಿರುವುದಿಲ್ಲ. ಹೆಸರು ಅವರ ಕೈಯಲ್ಲೇ ಇರುವುದಿಲ್ಲ, ಅಷ್ಟೇ ಕಥೆ.

ಮಲೆನಾಡಿನ ಒಂದು ಹೋಮ್‌ಸ್ಟೇ ಇದೆ. ಊರು ಬೇಡ. ಪರಿಚಯದ ಹುಡುಗನೊಬ್ಬ ಸೈಟ್ ಮಾಡಿಕೊಟ್ಟ. ಡೊಮೇನ್, ಹೋಸ್ಟಿಂಗ್ ಎರಡನ್ನೂ ತನ್ನದೇ ಲಾಗಿನ್‌ನಲ್ಲಿ ಕೊಂಡ, ಯಾಕೆಂದರೆ ಅವನ ಇನ್ನಷ್ಟು ಗಿರಾಕಿಗಳ ಡೊಮೇನ್‌ಗಳೂ ಅಲ್ಲೇ ಇದ್ದವು, ಅದೇ ಸುಲಭ. ಮೋಸದ ಹುಡುಗ ಖಂಡಿತ ಅಲ್ಲ. ಆಮೇಲೆ ಅವನಿಗೆ ಬೇರೆ ಕೆಲಸ ಸಿಕ್ಕಿತು, ನಂಬರ್ ಬದಲಾಯಿತು, ಹಳೆಯ ಮೇಲ್ ನೋಡುವುದು ಬಿಟ್ಟ. ರಿನ್ಯೂ ಮಾಡಿ ಎಂಬ ಮೇಲ್‌ಗಳೆಲ್ಲ ಆ ಯಾರೂ ನೋಡದ ಇನ್‌ಬಾಕ್ಸ್‌ಗೆ ಹೋಗಿ ಬಿದ್ದವು. ಅವಧಿ ಮುಗಿಯಿತು, ಹೆಸರು ಹೊರಗೆ ಬಂತು, ಕಾಯುತ್ತಿದ್ದ ಯಾರೋ ಎತ್ತಿಕೊಂಡರು. ಇವತ್ತು ಆ ವಿಳಾಸ ಒತ್ತಿದರೆ ಆನ್‌ಲೈನ್ ಜೂಜಿನ ಜಾಹೀರಾತು ಬರುತ್ತದೆ. ರಸ್ತೆ ಬದಿಯ ಬೋರ್ಡು, ವಿಸಿಟಿಂಗ್ ಕಾರ್ಡು, ಹಳೆಯ ಅತಿಥಿಗಳ ವಾಟ್ಸಾಪ್ ಎಲ್ಲದರಲ್ಲೂ ಇನ್ನೂ ಅದೇ ವಿಳಾಸವಿದೆ. ಆ ಮನೆಯ ಯಜಮಾನರು ನನ್ನನ್ನು ಕೇಳಿದ್ದು, "ದುಡ್ಡು ನಾನೇ ಅಲ್ವಾ ಕೊಟ್ಟಿದ್ದು, ಹಾಗಾದ್ರೆ ಅದು ನನ್ನದಲ್ವಾ?" ಅಂತ.

ದುಡ್ಡು ಯಾರು ಕೊಟ್ಟರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪಹಣಿಯಲ್ಲಿ ಯಾರ ಹೆಸರಿದೆಯೋ ಜಮೀನು ಅವರದು ಅಂತ ಕಚೇರಿಯವರು ನೋಡುವ ಹಾಗೆ, ಡೊಮೇನ್ ಕಂಪನಿಯೂ ದಾಖಲೆಯಲ್ಲಿ ನೋಂದಣಿದಾರ ಎಂದು ಯಾರ ಹೆಸರು, ಯಾರ ಇಮೇಲ್ ಇದೆಯೋ ಅವರನ್ನೇ ಒಡೆಯರು ಎನ್ನುತ್ತದೆ. ಆದ್ದರಿಂದ ಯಾವ ಕಂಪನಿ ಒಳ್ಳೆಯದು ಎಂದು ಹುಡುಕುವ ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ. ಖಾತೆ ನಿಮ್ಮದೇ ಇರಬೇಕು. ಅದಕ್ಕೆ ಕೊಟ್ಟ ಮೊಬೈಲ್ ನಂಬರ್ ನಿಮ್ಮದಿರಬೇಕು. ನೋಂದಣಿದಾರನ ಜಾಗದಲ್ಲಿ ನಿಮ್ಮ ಅಥವಾ ನಿಮ್ಮ ಸಂಸ್ಥೆಯ ಹೆಸರಿರಬೇಕು. ಸೈಟ್ ಮಾಡುವವರಿಗೆ ಕೆಲಸಕ್ಕೆ ಬೇಕಾದಷ್ಟು ಪ್ರವೇಶ ಕೊಡಬಹುದು, ಬಹಳಷ್ಟು ಕಂಪನಿಗಳಲ್ಲಿ ಅದಕ್ಕೆ ಬೇರೆ ವ್ಯವಸ್ಥೆಯೇ ಇದೆ. ನನ್ನಂಥವರು "ಎಲ್ಲಾ ನಮ್ಮ ಹತ್ರಾನೇ ಇರ್ಲಿ ಬಿಡಿ, ನಿಮಗ್ಯಾಕೆ ತಲೆನೋವು" ಅಂದರೆ ಆ ತಲೆನೋವು ನಮಗೇ ಇರಲಿ ಅನ್ನಿ.

ಇನ್ನೊಂದು ಸಣ್ಣ ವಿಷಯ. ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನ ಇಮೇಲ್ ಆಗಿರಬಾರದು. ಒಂದು ಕಾಲೇಜಿನವರು ಹಾಗೆ ಮಾಡಿಕೊಂಡಿದ್ದರು. ಅವಧಿ ಮುಗಿದು ಡೊಮೇನ್ ನಿಂತಿತು. ಡೊಮೇನ್ ನಿಂತ ಕೂಡಲೇ ಅದರ ಮೇಲ್ ಕೂಡ ನಿಂತಿತು. ಲಾಗಿನ್ ಆಗಲು ಓಟಿಪಿ ಬೇಕು, ಓಟಿಪಿ ಬರುವುದು ಆ ಸತ್ತ ಮೇಲ್‌ಗೆ! ಪ್ರಾಂಶುಪಾಲರ ಪತ್ರ, ಗುರುತಿನ ಚೀಟಿ, ಬಿಲ್ಲು ಎಲ್ಲ ಕಳಿಸಿ ಬಿಡಿಸಿಕೊಳ್ಳುವಷ್ಟರಲ್ಲಿ ಪ್ರವೇಶದ ಸಮಯವೇ ಮುಗಿದಿತ್ತು. ಒಂದು ಜಿಮೇಲ್ ಸಾಕು, ಅದನ್ನು ಸಂಸ್ಥೆಯಲ್ಲಿ ಇಬ್ಬರು ನೋಡುವಂತಿರಲಿ.

ಈಗ ಕಂಪನಿ ಆರಿಸುವ ಮಾತಿಗೆ ಬರೋಣ. ಅದಕ್ಕೆ ಈ ವ್ಯಾಪಾರ ನಡೆಯುವ ರೀತಿ ಸ್ವಲ್ಪ ಗೊತ್ತಿರಬೇಕು. ಎಲ್ಲಕ್ಕೂ ಮೇಲೆ, ಈ ಹೆಸರುಗಳ ನಿಯಮ ನೋಡಿಕೊಳ್ಳುವ ಐಕ್ಯಾನ್ ಅಂತ ಒಂದು ಲಾಭವಿಲ್ಲದ ಸಂಸ್ಥೆ ಇದೆ, 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಡಾಟ್ ಕಾಮ್ ಹೆಸರುಗಳ ಮೂಲ ಪುಸ್ತಕ ಇಟ್ಟುಕೊಂಡಿರುವುದು ವೆರಿಸೈನ್ ಎಂಬ ಅಮೆರಿಕದ ಕಂಪನಿ. ನಮ್ಮ ಡಾಟ್ ಇನ್ ಹೆಸರುಗಳ ಪುಸ್ತಕ ದೆಹಲಿಯ ನಿಕ್ಸಿ ಎಂಬ ಸಂಸ್ಥೆಯ ಬಳಿ ಇದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅಂತ ವಿಳಾಸ ಕೊಡುವವರೂ ಅವರೇ. ಅವರ ಕೆಳಗೆ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳು, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿಗಳು. ಆ ರಿಜಿಸ್ಟ್ರಾರ್‌ಗಳ ಕೆಳಗೆ ಸಾವಿರಾರು ರೀಸೆಲ್ಲರ್‌ಗಳು, ಅವರಿಂದ ತಂದು ಮಾರುವವರು. ನಿಮ್ಮೂರಿನ ಕಂಪ್ಯೂಟರ್ ಅಂಗಡಿಯವರು ಚಂದದ ಹೆಸರಿಟ್ಟುಕೊಂಡು ಡೊಮೇನ್ ಮಾರುತ್ತಿದ್ದರೆ ಹೆಚ್ಚುಕಡಿಮೆ ಅವರು ರೀಸೆಲ್ಲರ್ರೇ. ಅದರಲ್ಲಿ ತಪ್ಪೇನಿಲ್ಲ, ಆದರೆ ಹಿಂದೆ ಇರುವ ರಿಜಿಸ್ಟ್ರಾರ್ ಯಾರು ಅಂತ ನಿಮಗೆ ಗೊತ್ತಿರಬೇಕು. ಅಂಗಡಿ ಮುಚ್ಚಿದ ದಿನ ಬಾಗಿಲು ತಟ್ಟಬೇಕಾದದ್ದು ಅವರದನ್ನೇ. ಐಕ್ಯಾನ್‌ನ ಲುಕಪ್ ಪುಟದಲ್ಲಿ ನಿಮ್ಮ ವಿಳಾಸ ಹಾಕಿದರೆ ರಿಜಿಸ್ಟ್ರಾರ್ ಹೆಸರು, ಅವಧಿ ಮುಗಿಯುವ ದಿನಾಂಕ, ನೇಮ್‌ಸರ್ವರ್ (ಆ ಹೆಸರಿನ ಸೈಟ್ ಯಾವ ಸರ್ವರ್‌ನಲ್ಲಿದೆ ಎಂದು ದಾರಿ ತೋರಿಸುವುದು) ಎಲ್ಲ ಬರುತ್ತದೆ. ದುಡ್ಡಿಲ್ಲ. ಡಾಟ್ ಇನ್ ಆದರೆ ನಿಕ್ಸಿಯ ರಿಜಿಸ್ಟ್ರಿ ಪುಟದಲ್ಲಿ ನೋಡಬಹುದು. ಒಡೆಯರ ಹೆಸರು ಮಾತ್ರ ಅಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಮುಚ್ಚಿಡುತ್ತಾರೆ. ಅದನ್ನು ಖಾತೆಯ ಒಳಗೆ ಹೋಗಿಯೇ ನೋಡಬೇಕು.

ಬೆಲೆಯ ಮಾತು. ಪೇಪರಿನಲ್ಲಿ, ಮೊಬೈಲಿನಲ್ಲಿ "99 ರೂಪಾಯಿಗೆ ಡಾಟ್ ಕಾಮ್" ಅಂತ ಬರುತ್ತದಲ್ಲ, ಅದರ ಲೆಕ್ಕ ನೋಡಿ. ಒಂದು ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಯಾವ ರಿಜಿಸ್ಟ್ರಾರ್ ಆದರೂ ವೆರಿಸೈನ್‌ಗೆ ಕಟ್ಟಬೇಕಾದ ಸಗಟು ದರ 2024ರ ಸೆಪ್ಟೆಂಬರ್‌ನಿಂದ 10.26 ಡಾಲರ್. ನಮ್ಮ ದುಡ್ಡಿನಲ್ಲಿ ಸುಮಾರು ಒಂಬೈನೂರು ರೂಪಾಯಿ. ಅದರ ಮೇಲೆ ಐಕ್ಯಾನ್‌ನ ಪುಡಿ ಶುಲ್ಕ. ಒಂಬೈನೂರಕ್ಕೆ ತಂದದ್ದನ್ನು ತೊಂಬತ್ತೊಂಬತ್ತಕ್ಕೆ ಕೊಡುವವನು ಧರ್ಮಕ್ಕೆ ಕೊಡುತ್ತಾನಾ? ಉಳಿದದ್ದನ್ನು ಎಲ್ಲಿ ವಸೂಲಿ ಮಾಡುತ್ತಾನೆ ಎಂದು ತಿಳಿಯಬೇಕಾದರೆ ಒಮ್ಮೆ ಕಾರ್ಟ್‌ವರೆಗೆ ಹೋಗಿ, ದುಡ್ಡು ಕಟ್ಟದೆ ಸುಮ್ನೆ ಓದಿ.

ಮೊದಲು ಕಾಣುವುದು, 99 ಎಂಬುದು ಮೊದಲ ವರ್ಷಕ್ಕೆ ಮಾತ್ರ, ಅದೂ ಎರಡೋ ಮೂರೋ ವರ್ಷಕ್ಕೆ ಒಟ್ಟಿಗೆ ತೆಗೆದುಕೊಂಡರೆ. ಅವಧಿ ಎಂಬಲ್ಲಿ ಅವರೇ 3 ವರ್ಷ ಆರಿಸಿಟ್ಟಿರುತ್ತಾರೆ. ಕೆಳಗೆ ಬಂದರೆ ಇಮೇಲ್ ಪ್ಯಾಕ್ ಸೇರಿರುತ್ತದೆ, ಮೊದಲ ತಿಂಗಳು ಉಚಿತ, ಆಮೇಲೆ ಪ್ರತಿ ತಿಂಗಳೂ ಕಟ್. ಅದರ ಕೆಳಗೆ ಸುರಕ್ಷತೆ ಎಂಬ ಹೆಸರಿನ ಇನ್ನೊಂದು ಟಿಕ್. ಅದರ ಕೆಳಗೆ ಎಸ್‌ಎಸ್‌ಎಲ್, ಅಂದರೆ ಕೆಲವು ಬ್ರೌಸರ್‌ಗಳಲ್ಲಿ ವಿಳಾಸದ ಪಕ್ಕ ಬೀಗದ ಗುರುತು ಬರಿಸುವ ಪ್ರಮಾಣಪತ್ರ, ಅದಕ್ಕೆ ಎರಡು ಮೂರು ಸಾವಿರ. ಇದನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಇಡೀ ಲೋಕಕ್ಕೆ ಪುಕ್ಕಟೆ ಕೊಡುತ್ತಿದೆ, ಸಾಮಾನ್ಯ ಅಂಗಡಿ ಸೈಟಿಗೆ ಅದೇ ಧಾರಾಳ ಸಾಕು. ಕೊನೆಗೆ ಶೇ. 18 ಜಿಎಸ್‌ಟಿ. ತೊಂಬತ್ತೊಂಬತ್ತು ಅಂತ ಒಳಗೆ ಹೋದವರು ಹೊರಗೆ ಬರುವಾಗ ಮೊತ್ತ ನಾಲ್ಕಂಕಿಗೆ ಏರಿರುತ್ತದೆ. ಆ ಟಿಕ್‌ಗಳನ್ನೆಲ್ಲ ಒಂದೊಂದಾಗಿ ತೆಗೆದು, ರಿನ್ಯೂವಲ್ ದರ ಎಷ್ಟು ಎಂಬ ಸಣ್ಣ ಅಕ್ಷರದ ಸಾಲು ಹುಡುಕಿ. ಹೋಲಿಸಬೇಕಾದ ಬೆಲೆ ಅದೇ. ಆ ಸಾಲನ್ನು ಕಣ್ಣಿಗೆ ಕಾಣುವಂತೆ ಹಾಕಿರುವ ಕಂಪನಿಯ ಬಗ್ಗೆ ನನಗೆ ಮೊದಲ ನೋಟಕ್ಕೇ ಸ್ವಲ್ಪ ಗೌರವ ಬರುತ್ತದೆ.

ಕೊಂಡ ಮೇಲೆ ಒಂದು ಮೇಲ್ ಬರುತ್ತದೆ, ನಿಮ್ಮ ಇಮೇಲ್ ಖಚಿತಪಡಿಸಿ ಅಂತ. ಅದನ್ನು 15 ದಿನದೊಳಗೆ ಒತ್ತದಿದ್ದರೆ ಡೊಮೇನನ್ನೇ ನಿಲ್ಲಿಸಬಹುದು, ಐಕ್ಯಾನ್ ನಿಯಮ ಅದು. ಉದ್ಘಾಟನೆ ಆದ ಎರಡು ವಾರಕ್ಕೆ ಸೈಟ್ ಮಾಯ ಆಯಿತು ಎಂದು ಗಾಬರಿಯಾಗಿ ಫೋನ್ ಮಾಡುವವರಿಗೆ ಸ್ಪ್ಯಾಮ್ ಫೋಲ್ಡರ್ ನೋಡಿ ಎನ್ನುವುದೇ ನನ್ನ ಮೊದಲ ಉತ್ತರ.

ರಿನ್ಯೂವಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಸರು ಕಳೆದುಕೊಳ್ಳುವವರು ಕಳೆದುಕೊಳ್ಳುವುದೇ ಇಲ್ಲಿ. ಆಟೋ ರಿನ್ಯೂ ಹಾಕಿದ್ದೇವೆ, ಕಾರ್ಡ್ ಕೊಟ್ಟಿದ್ದೇವೆ, ಇನ್ನೇನು ಭಯ ಅನ್ನುತ್ತಾರೆ. ನಮ್ಮ ದೇಶದಲ್ಲಿ ಅದನ್ನು ನಂಬುವ ಹಾಗಿಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಬದಲಾಯಿತು. ಕಾರ್ಡ್‌ನಿಂದ ತಾನಾಗಿ ದುಡ್ಡು ಕಡಿತವಾಗಬೇಕಾದರೆ ಮೊದಲೇ ಅನುಮತಿ ನೋಂದಾಯಿಸಿರಬೇಕು, ಕಡಿತಕ್ಕೆ ಮುಂಚೆ ಬ್ಯಾಂಕ್ ತಿಳಿಸಬೇಕು. ಗ್ರಾಹಕರಿಗೆ ಒಳ್ಳೆಯದೇ. ಆದರೆ ಹೊರದೇಶದ ಕಂಪನಿಯಲ್ಲಿ ಡೊಮೇನ್ ಇಟ್ಟಿದ್ದರೆ ಆ ಕಡಿತ ಅನೇಕ ಸಲ ಸದ್ದಿಲ್ಲದೆ ಫೇಲ್ ಆಗುತ್ತದೆ. ಆದ್ದರಿಂದ ಭಾರತೀಯ ರೂಪಾಯಿಯಲ್ಲಿ ಬಿಲ್, ಯುಪಿಐ, ಜಿಎಸ್‌ಟಿ ನಂಬರ್ ಇರುವ ಬಿಲ್ಲು ಕೊಡುವವರೇ ಸಣ್ಣ ವ್ಯಾಪಾರಿಗೆ ವಾಸಿ. ಇಲ್ಲವಾದರೆ ಒಂದೇ ಸಲ ಐದು ವರ್ಷಕ್ಕೆ ಕಟ್ಟಿಬಿಡಿ. ಹತ್ತು ವರ್ಷದವರೆಗೂ ಕಟ್ಟಬಹುದು, ಅದಕ್ಕಿಂತ ಜಾಸ್ತಿ ಯಾರೂ ಕೊಡುವಂತಿಲ್ಲ. "ಜೀವಮಾನದ ಡೊಮೇನ್" ಅಂತ ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗಿ.

ಮರೆಯುವುದು ನಮ್ಮೂರಿನವರು ಮಾತ್ರ ಅಂದುಕೊಳ್ಳಬೇಡಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿ ತನ್ನ ಲಾಗಿನ್‌ಗೆ ಬಳಸುತ್ತಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ಹೆಸರನ್ನು ರಿನ್ಯೂ ಮಾಡಲು ಮರೆತು, ಹಾಟ್‌ಮೇಲ್ ಬಳಸುವವರಿಗೆ ಲಾಗಿನ್ ಆಗಲಾಗದೆ ಪೇಚಾಡಿದ್ದರು. ಮೈಕೆಲ್ ಚೇನಿ ಎಂಬ ಲಿನಕ್ಸ್ ಪ್ರೋಗ್ರಾಮರ್ ತಮ್ಮ ಕಾರ್ಡ್‌ನಿಂದ 35 ಡಾಲರ್ ಕಟ್ಟಿ ಅದನ್ನು ಉಳಿಸಿಕೊಟ್ಟರು. ನಮಗೆ ಅಂಥ ಪುಣ್ಯಾತ್ಮರು ಸಿಗುವುದು ಅಪರೂಪ.

ಡಾಟ್ ಕಾಮ್ ಅವಧಿ ಮುಗಿದ ತಕ್ಷಣ ಹೆಸರು ಹೋಗಿಬಿಡುವುದಿಲ್ಲ. ಮುಗಿಯುವುದಕ್ಕೆ ಸುಮಾರು ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರ ಮೊದಲು ಒಮ್ಮೆ, ಮುಗಿದ ಐದು ದಿನದೊಳಗೆ ಇನ್ನೊಮ್ಮೆ ರಿಜಿಸ್ಟ್ರಾರ್ ಮೇಲ್ ಕಳಿಸಲೇಬೇಕು. ಮುಗಿದ ಮೇಲೂ ಕೆಲವು ವಾರ ಮಾಮೂಲಿ ದರಕ್ಕೇ ರಿನ್ಯೂ ಮಾಡಲು ಬಹುತೇಕರು ಬಿಡುತ್ತಾರೆ. ಅದೂ ದಾಟಿ ಡೊಮೇನ್ ಅಳಿಸಿದರೆ ಹೆಸರನ್ನು ಬಿಡಿಸಿಕೊಳ್ಳಲು 30 ದಿನದ ಅವಧಿ ಎಂದಿದೆ, ಅಲ್ಲಿ ದಂಡ ಜೋರು, ಕೆಲವು ಕಡೆ ಏಳೆಂಟು ಸಾವಿರ ರೂಪಾಯಿ. ಅದಾದ ಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಇದು ಕಾಗದದ ಮೇಲಿನ ಕ್ರಮ. ನಿಜದಲ್ಲಿ ಏನಾಗುತ್ತದೆ ಎಂದರೆ, ಅನೇಕ ರಿಜಿಸ್ಟ್ರಾರ್‌ಗಳು ಒಳ್ಳೆಯ ಹೆಸರನ್ನು ಅಷ್ಟು ದೂರ ಹೋಗಲು ಬಿಡುವುದೇ ಇಲ್ಲ, ಅವಧಿ ಮುಗಿದು ತಿಂಗಳಾಗುವಷ್ಟರಲ್ಲಿ ಹರಾಜಿಗೆ ಹಾಕಿಬಿಡುತ್ತಾರೆ. ಇನ್ನೂ ಟೈಮ್ ಇದೆ ಅಂತ ಕೂರಬಾರದು.

ಕಂಪನಿಯೊಂದು ನಂಬಿಕಸ್ಥ ಹೌದೋ ಅಲ್ಲವೋ ಎಂದು ಅಳೆಯಲು ನಾನು ನೋಡುವುದು ಒಳಗೆ ಬರುವ ಬಾಗಿಲನ್ನಲ್ಲ, ಹೊರಗೆ ಹೋಗುವ ಬಾಗಿಲನ್ನು. ಡೊಮೇನನ್ನು ಬೇರೆ ಕಡೆಗೆ ಒಯ್ಯಲು ಆಥ್ ಕೋಡ್ ಅಂತ ಒಂದು ಗುಟ್ಟಿನ ಸಂಕೇತ ಬೇಕು, ಕೆಲವರು ಇಪಿಪಿ ಕೋಡ್ ಅನ್ನುತ್ತಾರೆ. ಒಳ್ಳೆಯ ಕಡೆ ಅದು ಖಾತೆಯೊಳಗೇ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಕೆಟ್ಟ ಕಡೆ ಟಿಕೆಟ್ ಹಾಕಿ, ಫೋನ್ ಮಾಡಿ, "ಯಾಕೆ ಬಿಡ್ತೀರಿ ಸಾರ್, ಆಫರ್ ಕೊಡ್ತೀವಿ" ಅನ್ನುವುದನ್ನು ಕೇಳಿ, ಮತ್ತೆ ಟಿಕೆಟ್ ಹಾಕಬೇಕು. ಕೇಳಿದ 5 ದಿನದೊಳಗೆ ಕೊಡಲೇಬೇಕು ಎಂಬುದು ಐಕ್ಯಾನ್ ನಿಯಮ, ಕೊಡದಿದ್ದರೆ ಅಲ್ಲಿಗೇ ದೂರು ಕೊಡಬಹುದು. ಹೊಸದಾಗಿ ಕೊಂಡ ಅಥವಾ ಈಗಷ್ಟೇ ಬದಲಾಯಿಸಿದ ಡೊಮೇನನ್ನು 60 ದಿನ ಮತ್ತೆ ಕದಲಿಸಲಾಗುವುದಿಲ್ಲ ಎಂಬುದು ನೆನಪಿರಲಿ. ಡಾಟ್ ಕಾಮ್ ಬದಲಾಯಿಸುವಾಗ ಕಟ್ಟುವ ದುಡ್ಡು ದಂಡವಲ್ಲ, ಇದ್ದ ಅವಧಿಗೆ ಒಂದು ವರ್ಷ ಸೇರುತ್ತದೆ.

ಈ ಕಾರಣಕ್ಕೇ ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಹೋಸ್ಟಿಂಗ್ ಜೊತೆ ಡೊಮೇನ್ ಫ್ರೀ ಅಂದರೆ ಆಸೆ ಆಗುತ್ತದೆ, ನಿಜ. ಆದರೆ ಹೋಸ್ಟಿಂಗ್ ಕೆಟ್ಟಾಗ ಜಗಳ ಮಾಡಿ ಹೊರಗೆ ಬರಬೇಕಾದರೆ ಹೆಸರು ನಿಮ್ಮ ಕೈಯಲ್ಲಿರಬೇಕು. ಬೇರೆ ಕಡೆ ಇದ್ದರೆ ಕೆಲಸ ಸುಲಭ: ಹೊಸ ಕಡೆ ಸೈಟ್ ಏರಿಸಿ, ಇಲ್ಲಿ ನೇಮ್‌ಸರ್ವರ್ ಬದಲಿಸಿದರೆ ಒಂದೆರಡು ದಿನದಲ್ಲಿ ಎಲ್ಲರಿಗೂ ಹೊಸದೇ ಕಾಣುತ್ತದೆ. ಹಳೆಯವರನ್ನು ಒಂದು ಮಾತೂ ಕೇಳಬೇಕಿಲ್ಲ. ನೇಮ್‌ಸರ್ವರ್ ಬದಲಿಸುವ ಮುಂಚೆ ಮೇಲ್‌ಗೆ ಸಂಬಂಧಪಟ್ಟ ಎಂಎಕ್ಸ್ ದಾಖಲೆಗಳನ್ನು ಬರೆದಿಟ್ಟುಕೊಂಡು ಹೊಸ ಕಡೆಯೂ ಹಾಕಿ. ಅದು ಮರೆತರೆ ಸೈಟ್ ಬರುತ್ತದೆ, ಮೇಲ್ ಬರುವುದಿಲ್ಲ.

ಹೋಸ್ಟಿಂಗ್ ಹುಡುಕುವವರು ಗೂಗಲ್‌ನಲ್ಲಿ "ಅತ್ಯುತ್ತಮ 10 ಹೋಸ್ಟಿಂಗ್" ಅಂತ ಹಾಕುತ್ತಾರೆ. ಬರುವ ಪಟ್ಟಿಗಳಲ್ಲಿ ಬಹುಪಾಲು ಕಮಿಷನ್ ಪಟ್ಟಿಗಳು. ಅಲ್ಲಿನ ಲಿಂಕ್ ಒತ್ತಿ ನೀವು ಕೊಂಡರೆ ಬರೆದವರಿಗೆ ಒಬ್ಬ ಗಿರಾಕಿಗೆ ಸಾವಿರಾರು ರೂಪಾಯಿ ಸಿಗುತ್ತದೆ, ಯಾರು ಜಾಸ್ತಿ ಕೊಡುತ್ತಾರೋ ಅವರು ಮೊದಲ ಸ್ಥಾನ. ಕನ್ನಡದ ಯೂಟ್ಯೂಬ್ ಚಾನೆಲ್‌ಗಳಲ್ಲೂ ವಿವರಣೆಯ ಕೆಳಗೆ ಅದೇ ಲಿಂಕ್. ಹತ್ತು ಹೆಸರು ಇದೆಯಲ್ಲ, ಹೋಲಿಸಿ ನೋಡೋಣ ಅಂದರೆ ಅಲ್ಲೂ ಒಂದು ತಮಾಷೆ ಇದೆ. 2013ರ ಆಗಸ್ಟ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಊರಿನ ಒಂದು ಡೇಟಾ ಸೆಂಟರ್ (ಸರ್ವರ್‌ಗಳನ್ನು ಇಟ್ಟಿರುವ ಜಾಗ) ಕೈಕೊಟ್ಟಾಗ ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ಹೋಸ್ಟ್‌ಮಾನ್‌ಸ್ಟರ್, ಜಸ್ಟ್‌ಹೋಸ್ಟ್ ನಾಲ್ಕೂ ಒಟ್ಟಿಗೆ ಮಲಗಿದವು. ಯಾಕೆಂದರೆ ನಾಲ್ಕೂ ಎಂಡ್ಯೂರೆನ್ಸ್ ಎಂಬ ಒಂದೇ ಕಂಪನಿಯವು. ನಮ್ಮ ಮುಂಬೈನ ಡೈರೆಕ್ಟಿ ಬಳಗದ ಬಿಗ್‌ರಾಕ್, ರೀಸೆಲ್ಲರ್‌ಕ್ಲಬ್ ಕೂಡ 2014ರಲ್ಲಿ ಅದೇ ಮನೆ ಸೇರಿದವು, 2021ರಲ್ಲಿ ಆ ಮನೆಯ ಹೋಸ್ಟಿಂಗ್ ವ್ಯಾಪಾರಕ್ಕೆ ನ್ಯೂಫೋಲ್ಡ್ ಎಂಬ ಹೊಸ ಹೆಸರು ಬಂತು. ಇವು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದೆ ಅಂದುಕೊಂಡವರು ಅದೇ ಯಜಮಾನನ ಇನ್ನೊಂದು ಕೋಣೆಗೆ ಹೋಗಿರಬಹುದು, ಕೊಳ್ಳುವ ಮೊದಲು ಯಾರ ಒಡೆತನ ಅಂತ ನೋಡಿ ಅಂತಷ್ಟೇ.

ದೊಡ್ಡ ಹೆಸರಾದರೆ ಶಾಶ್ವತ ಅನ್ನುವುದೂ ಸುಳ್ಳು. ಗೂಗಲ್‌ನವರೇ ಡೊಮೇನ್ ಮಾರುತ್ತಿದ್ದ ಗೂಗಲ್ ಡೊಮೇನ್ಸ್ ನಂಬಿದವರು ಎಷ್ಟು ಜನ! 2023ರ ಜೂನ್‌ನಲ್ಲಿ ಸುಮಾರು 1 ಕೋಟಿ ಹೆಸರುಗಳ ಸಮೇತ ಅದನ್ನು ಸ್ಕ್ವೇರ್‌ಸ್ಪೇಸ್ ಎಂಬ ಕಂಪನಿಗೆ ಮಾರುವುದಾಗಿ ಗೂಗಲ್ ಪ್ರಕಟಿಸಿತು. ಹೆಸರುಗಳೇನೂ ಕಳೆದುಹೋಗಲಿಲ್ಲ, ಆದರೆ ಯಾರನ್ನು ನೋಡಿ ಕೊಂಡರೋ ಅವರು ಇಲ್ಲ.

ಹೋಸ್ಟಿಂಗ್ ಜಾಹೀರಾತಿನ ಮಾತುಗಳನ್ನು ಹೀಗೆ ಓದಿಕೊಳ್ಳಬೇಕು. "ಅನ್‌ಲಿಮಿಟೆಡ್" ಅಂದರೆ ಷರತ್ತುಗಳ ಪುಟದಲ್ಲಿ ಎಲ್ಲೋ ಮಿತಿ ಇದೆ ಅಂತ. ಸಾಮಾನ್ಯವಾಗಿ ಕಡತಗಳ ಸಂಖ್ಯೆಯ ಮೇಲೆ, ಇಲ್ಲವೇ ಪ್ರೊಸೆಸರ್ ಬಳಕೆಯ ಮೇಲೆ ಇರುತ್ತದೆ. "ಶೇ. 99.9 ಅಪ್‌ಟೈಮ್" (ಸೈಟ್ ನಡೆಯುವ ಹೊತ್ತು) ಅಂದರೆ ವರ್ಷದಲ್ಲಿ ಸುಮಾರು ಎಂಟು ಮುಕ್ಕಾಲು ಗಂಟೆ ಬಂದ್ ಇದ್ದರೂ ಅವರು ಮಾತಿಗೆ ತಪ್ಪಿಲ್ಲ ಅಂತ. ಬರೀ 99 ಅಂದಿದ್ದರೆ ಮೂರೂವರೆ ದಿನಕ್ಕೂ ಮೇಲೆ. ಅದಕ್ಕಿಂತ ಜಾಸ್ತಿ ನಿಂತರೆ ಕೊಡುವುದು ಆ ತಿಂಗಳ ಬಾಡಿಗೆಯಲ್ಲಿ ಒಂದು ಪಾಲು. ನಿಮ್ಮ ಶಾಲೆಯ ಫಲಿತಾಂಶದ ದಿನವೇ ನಿಂತಿತ್ತು ಅಂದರೆ ಅದಕ್ಕೇನೂ ಬೇರೆ ಲೆಕ್ಕವಿಲ್ಲ. ಗಿರಾಕಿಗಳು ಕರ್ನಾಟಕದವರೇ ಆಗಿದ್ದರೆ ಸರ್ವರ್ ಮುಂಬೈನಲ್ಲೋ ಬೆಂಗಳೂರಿನಲ್ಲೋ ಇರುವುದು ಒಳ್ಳೆಯದು. ಅಮೆರಿಕದಲ್ಲಿದ್ದರೆ ಪ್ರತಿ ಸಲ ಅಲ್ಲಿಗೆ ಹೋಗಿ ಬರುವ ತಡ ಮೊಬೈಲ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಬ್ಯಾಕಪ್ ವಿಷಯದಲ್ಲಿ ಮಾತ್ರ ಯಾರನ್ನೂ ನಂಬಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಅದು ಯುರೋಪಿನ ದೊಡ್ಡ ಹೋಸ್ಟಿಂಗ್ ಕಂಪನಿಗಳಲ್ಲಿ ಒಂದು. ವೆಬ್‌ಸೈಟ್‌ಗಳ ಎಣಿಕೆ ಮಾಡುವ ನೆಟ್‌ಕ್ರಾಫ್ಟ್‌ನವರ ಲೆಕ್ಕದಲ್ಲಿ 36 ಲಕ್ಷ ಸೈಟ್‌ಗಳು ನಿಂತವು. ಬ್ಯಾಕಪ್‌ಗೆ ಅಂತಲೇ ಬೇರೆ ದುಡ್ಡು ಕಟ್ಟಿದ್ದ ಒಂದು ಸಂಸ್ಥೆಯ ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿತ್ತು, ಎರಡೂ ಬೂದಿ. ಆ ಸಂಸ್ಥೆ ಕೋರ್ಟಿಗೆ ಹೋಗಿ, 2023ರಲ್ಲಿ ಅಲ್ಲಿನ ವಾಣಿಜ್ಯ ನ್ಯಾಯಾಲಯ ಪರಿಹಾರ ಕೊಡಿ ಎಂದಿತು. ನಮಗೆ ಅಷ್ಟೆಲ್ಲ ಓಡಾಡುವ ಶಕ್ತಿ ಎಲ್ಲಿದೆ. ತಿಂಗಳಿಗೊಮ್ಮೆ ಸೈಟಿನ ಕಡತಗಳು ಮತ್ತು ಡೇಟಾಬೇಸ್ ಎರಡನ್ನೂ ಇಳಿಸಿ ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಗೂಗಲ್ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಬರೀ ಕಡತ ಇಳಿಸಿ ಡೇಟಾಬೇಸ್ ಬಿಟ್ಟರೆ ಚಿತ್ರಗಳು ಸಿಗುತ್ತವೆ, ಬರೆದದ್ದು ಸಿಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ಹೊಂಡವಿದೆ, ಇಂಗ್ಲಿಷಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಹಳೆಯ ಸರ್ವರ್‌ನಿಂದ ಹೊಸದಕ್ಕೆ ಡೇಟಾಬೇಸ್ ಒಯ್ಯುವಾಗ ಅಕ್ಷರಗಳ ಸಂಕೇತ ಯುಟಿಎಫ್-8 ಆಗಿಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಲೇಖನದ ಶೀರ್ಷಿಕೆಯಿಂದ ಕೊನೆಯ ಸಾಲಿನವರೆಗೆ ಬರೀ ಪ್ರಶ್ನೆ ಚಿಹ್ನೆ. ಇಂಗ್ಲಿಷ್ ಪದಗಳು, ಅಂಕಿಗಳು ಮಾತ್ರ ನಡುನಡುವೆ ಹಾಗೇ ನಿಂತಿರುತ್ತವೆ. ಅಕ್ಷರ ಕಲಸಿದಂತೆ ಕಂಡರೆ ಅನೇಕ ಸಲ ಸರಿಮಾಡಬಹುದು, ಪ್ರಶ್ನೆ ಚಿಹ್ನೆಯಾಗಿಯೇ ಉಳಿದುಬಿಟ್ಟರೆ ಮೂಲ ಹೋಯಿತು ಅಂತಲೇ ಲೆಕ್ಕ, ಹಳೆಯ ಪ್ರತಿ ಇದ್ದರೆ ಉಂಟು. ಆದ್ದರಿಂದ ಹೊಸ ಕಡೆ ಕನ್ನಡ ಪುಟಗಳು ಸರಿಯಾಗಿ ಬರುತ್ತವೆ ಎಂದು ಕಣ್ಣಾರೆ ನೋಡುವವರೆಗೆ ಹಳೆಯ ಹೋಸ್ಟಿಂಗ್ ಬಂದ್ ಮಾಡಬೇಡಿ. ಒಂದು ತಿಂಗಳ ಬಾಡಿಗೆ ಜಾಸ್ತಿ ಹೋದರೂ ಪರವಾಗಿಲ್ಲ.

ಕಂಪನಿಯ ಸಹಾಯವಾಣಿ ಹೇಗಿದೆ ಅಂತ ತಿಳಿಯಲು ನನ್ನದೊಂದು ಉಪಾಯ: ಕೊಳ್ಳುವ ಮೊದಲು ಭಾನುವಾರ ರಾತ್ರಿ ಚಾಟ್‌ನಲ್ಲಿ ಒಂದು ಪ್ರಶ್ನೆ ಕೇಳಿ. ನಾನು ಬಿಟ್ಟು ಹೋಗಬೇಕಾದರೆ ಡೇಟಾಬೇಸ್ ನಾನೇ ಇಳಿಸಿಕೊಳ್ಳಬಹುದಾ ಅಂತ. ಹೌದು, ಹೀಗೆ ಅಂತ ನೇರವಾಗಿ ಹೇಳಿದರೆ ಅಲ್ಲಿ ಮನುಷ್ಯರಿದ್ದಾರೆ. ಆಫರ್‌ನ ಲಿಂಕ್ ಬಂದರೆ ಕಿಟಕಿ ಮುಚ್ಚಿ. ಹೋಸ್ಟಿಂಗ್‌ಗೆ ಮೊದಲ ಸಲವೇ ಮೂರು ನಾಲ್ಕು ವರ್ಷಕ್ಕೆ ಕಟ್ಟಬೇಡಿ. ಡೊಮೇನ್ ವರ್ಷಗಟ್ಟಲೆಗೆ, ಹೋಸ್ಟಿಂಗ್ ತಿಂಗಳಿಗೋ ವರ್ಷಕ್ಕೋ.

ಇನ್ನು ಕಳ್ಳ ಮೇಲ್‌ಗಳು. ನಿಮ್ಮ ಡೊಮೇನ್ ಮುಗಿಯುತ್ತಿದೆ, ಇಲ್ಲಿ ಕಟ್ಟಿ ಅಂತ ನಿಮಗೆ ಸಂಬಂಧವೇ ಇಲ್ಲದ ಕಂಪನಿಯಿಂದ ಬಿಲ್ಲಿನ ಥರದ ಮೇಲ್ ಬರುತ್ತದೆ. ಚೀನಾದಲ್ಲಿ ಯಾರೋ ನಿಮ್ಮ ಹೆಸರು ನೋಂದಾಯಿಸಲು ಹೊರಟಿದ್ದಾರೆ, ತಡೆಯಬೇಕಾದರೆ ತಕ್ಷಣ ನಮ್ಮಲ್ಲಿ ಕೊಳ್ಳಿ ಅಂತಲೂ ಬರುತ್ತದೆ, ಇದು ಬಹಳ ಹಳೆಯ ಆಟ. ಮೇಲ್‌ನ ಲಿಂಕ್‌ನಿಂದ ಯಾವತ್ತೂ ದುಡ್ಡು ಕಟ್ಟಬೇಡಿ. ಬ್ರೌಸರ್‌ನಲ್ಲಿ ನಿಮ್ಮ ರಿಜಿಸ್ಟ್ರಾರ್ ವಿಳಾಸ ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ.

ಹೆಸರು ಬೇರೆಯವರ ಪಾಲಾದರೆ ಕಾನೂನು ಇಲ್ಲವೇ ಅಂತ ಕೇಳುತ್ತಾರೆ. ಇದೆ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ ಪ್ರಕರಣ ಶುರುವಾದದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೇ. ಸಿಫಿ ಎಂದು ಹೆಸರಾಗಿದ್ದ ಸತ್ಯಂ ಇನ್‌ಫೋವೇ, ಅದೇ ರೀತಿ ಕೇಳಿಸುವ ಸಿಫಿನೆಟ್ ಹೆಸರಿನವರ ಮೇಲೆ ಹೂಡಿದ ದಾವೆ. ಕೆಳ ಕೋರ್ಟು ತಡೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು, ಸುಪ್ರೀಂ ಕೋರ್ಟ್ ಮತ್ತೆ ಕೊಟ್ಟಿತು. ಡಾಟ್ ಇನ್ ಹೆಸರಿನ ಜಗಳಕ್ಕೆ ನಿಕ್ಸಿಯದೇ ಪಂಚಾಯಿತಿ ವ್ಯವಸ್ಥೆಯೂ ಇದೆ. ಆದರೆ ಅಲ್ಲಿ ಆ ಹೆಸರಿನ ಮೇಲೆ ನಿಮಗೆ ಹಕ್ಕಿದೆ, ಎದುರಿನವರು ಕೆಟ್ಟ ಉದ್ದೇಶದಿಂದ ಹಿಡಿದಿದ್ದಾರೆ ಎಂದು ತೋರಿಸಬೇಕು. ರಿನ್ಯೂ ಮಾಡಲು ಮರೆತ ಹೋಮ್‌ಸ್ಟೇಗೆ ಅಷ್ಟು ಸುಲಭವಿಲ್ಲ, ಫೀಸೂ ಸಣ್ಣದಲ್ಲ. ಹೆಸರು ಇನ್ನೂ ಹೊರಗೆ ಹೋಗಿಲ್ಲ, ರೀಸೆಲ್ಲರ್ ಮಾತ್ರ ಕೈಗೆ ಸಿಗುತ್ತಿಲ್ಲ ಎಂದಾದರೆ ದಾರಿಯಿದೆ. ಲುಕಪ್‌ನಲ್ಲಿ ಕಂಡ ರಿಜಿಸ್ಟ್ರಾರ್‌ಗೆ ನೇರ ಬರೆಯಿರಿ, ದುಡ್ಡು ಕಟ್ಟಿದ ದಾಖಲೆ, ಜಿಎಸ್‌ಟಿ ಪ್ರಮಾಣಪತ್ರ, ಗುರುತಿನ ಚೀಟಿ ಲಗತ್ತಿಸಿ. ದುಡ್ಡು ತೆಗೆದುಕೊಂಡು ಸೇವೆ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಹಾಗಾದರೆ ಯಾವ ಕಂಪನಿ ಒಳ್ಳೆಯದು, ಒಂದು ಹೆಸರು ಹೇಳಿಬಿಡಿ ಅಂತ ಎಲ್ಲರೂ ಕೇಳುತ್ತಾರೆ. ನಾನು ಹೇಳುವುದಿಲ್ಲ. ಇವತ್ತು ಚೆನ್ನಾಗಿರುವುದನ್ನು ನಾಳೆ ಯಾರೋ ಕೊಂಡಿರುತ್ತಾರೆ. ರಿನ್ಯೂವಲ್ ದರ ಮುಚ್ಚಿಡದ, ಆಥ್ ಕೋಡ್ ಕೇಳದೆಯೇ ತೋರಿಸುವ, ಜಿಎಸ್‌ಟಿ ಬಿಲ್ಲು ಕೊಡುವ, ಡೊಮೇನ್ ನಿಮ್ಮ ಹೆಸರಿಗೇ ಬರೆಯುವ ಯಾರಾದರೂ ಆಗಬಹುದು.

ನಿಮ್ಮಲ್ಲಿ ಎರಡು ವಿನಂತಿ. ಹೋಸ್ಟಿಂಗ್, ಡೊಮೇನ್ ಬಗ್ಗೆ ಕಮಿಷನ್ ಲಿಂಕ್ ಇರುವ ಬರಹ ನಿಮ್ಮ ಆನ್‌ಲೈನ್ ಆವೃತ್ತಿಯಲ್ಲಿ ಬಂದರೆ ಅದು ಜಾಹೀರಾತು ಅಂತ ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕಿ. ಇನ್ನೊಂದು, ಸಣ್ಣ ಉದ್ಯಮಿಗಳಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಗಳು ತರಬೇತಿ ನಡೆಸುವಾಗ ಲೋಗೋ, ಕ್ಯೂಆರ್ ಕೋಡ್ ಜೊತೆಗೆ ಡೊಮೇನ್ ಖಾತೆಯನ್ನು ಸ್ವಂತ ಹೆಸರಲ್ಲಿ ತೆರೆಯುವುದನ್ನು ಅಲ್ಲೇ ಕೂರಿಸಿ ಮಾಡಿಸಲಿ ಅಂತ ನಿಮ್ಮ ವರದಿಗಾರರು ಸಂಬಂಧಪಟ್ಟವರನ್ನು ಕೇಳಲಿ. ಅರ್ಧ ಗಂಟೆಯ ಕೆಲಸ ಅದು. ಬೇಕಾದರೆ ದಾವಣಗೆರೆಯಲ್ಲಿ ನಾನೇ ಬಂದು ಹೇಳಿಕೊಡುತ್ತೇನೆ, ಫೀಸು ಬೇಡ.

ಇಂತಿ,
ವೆಬ್‌ಸೈಟ್ ಕೆಲಸದ ಒಬ್ಬ ಓದುಗ
ದಾವಣಗೆರೆ